ಮೂವತ್ತೇಳರ ಎದುರು ಒಂದು

"ಬಿಷಪ್, ಅವನಿಗೆ ಹೇಳು, ಎಡಗಡೆ ಹುಟ್ಟು ಇನ್ನೂ ಸ್ವಲ್ಪ ಜೋರಾಗಿ ಹಾಕ್ಲಿ. ಬಂಡೆಗೆ ಹೋಗಿ ಬಡೀತೀವಿ," ಎಂದ ಫೆಸ್ಟಿ.

"ಬಿಷಪ್, ಅವನಿಗೆ ಹೇಳು, ಬಂಡೆ ಅಲ್ಲಿರೋದು ನನಗೆ ಐವತ್ತು ವರ್ಷದಿಂದ ಗೊತ್ತು," ಎಂದ ಕೋಲ್ಮನ್.

ಬಿಷಪ್ ಎಂದರೆ ಫೆಸ್ಟಿಯ ನಾಯಿ. ಮೈಯೆಲ್ಲ ಕಪ್ಪು, ಕತ್ತಿನ ಸುತ್ತ ಮಾತ್ರ ಪಾದ್ರಿಗಳ ಕಾಲರಿನಂಥ ಬಿಳಿ ಪಟ್ಟಿ; ಹಾಗಾಗಿ ಆ ಹೆಸರು. ದೋಣಿಯ ಹಿಂತುದಿಯಲ್ಲಿ ಇಬ್ಬರಿಗೂ ಮುಖ ಮಾಡಿ ನೆಟ್ಟಗೆ ಕೂತು, ಯಾರು ಬಾಯಿ ತೆರೆದರೂ ಅವರತ್ತ ಕಿವಿ ನಿಮಿರಿಸುತ್ತಿತ್ತು. ಹುಟ್ಟು ಹಾಕುವವರು ಒಬ್ಬರ ಹಿಂದೊಬ್ಬರು ಕೂರುವ ದೋಣಿ ಅದು, ಹಾಗಾಗಿ ಪರಸ್ಪರ ಮುಖ ನೋಡುವ ಕಷ್ಟವೂ ಇರಲಿಲ್ಲ. ಫೆಸ್ಟಿಗೆ ಕಾಣುತ್ತಿದ್ದದ್ದು ನಾಯಿ. ಕೋಲ್ಮನ್‌ಗೆ ಫೆಸ್ಟಿಯ ಬೆನ್ನು ಮತ್ತು ನಾಯಿ. ಇಡೀ ಕರಾವಳಿಯಲ್ಲೇ ಒಳ್ಳೆಯದೆಂದು ಹೆಸರಾದ ನಮ್ಮ ಇನಿಶ್‌ದೆರ ದ್ವೀಪದ ಲಾಬ್‌ಸ್ಟರ್ ಹಿಡಿಯುವ ಜೋಡಿ ಹದಿನಾರು ತಿಂಗಳಿಂದ ಹೀಗೆಯೇ ಸಂಸಾರ ನಡೆಸಿಕೊಂಡು ಬಂದಿತ್ತು. ಮರದ ಪಕ್ಕೆಗೆ ಟಾರು ಬಳಿದ ಕ್ಯಾನ್ವಾಸು ಬಿಗಿದ ಆ ದೋಣಿಯನ್ನು ಒಬ್ಬನೇ ನಡೆಸಲಾಗದು. ಇಬ್ಬರ ಅಪ್ಪಂದಿರೂ ಸೇರಿ ಮಾಡಿದ ದೋಣಿ. ಹಾಗಾಗಿ ಅರ್ಧ ಕತ್ತರಿಸಿ ಹಂಚಿಕೊಳ್ಳುವುದೂ ಆಗದು.

ಅಂದು ಅಕ್ಟೋಬರಿನ ಗುರುವಾರ. ಮೂರನೆಯ ಬೋನು ಎತ್ತಿ, ಒಳಗಿದ್ದ ಲಾಬ್‌ಸ್ಟರಿನ ಕೊಂಡಿಗೆ ರಬ್ಬರ್ ಬಿಗಿಯುತ್ತಾ ಕೋಲ್ಮನ್ ಗಂಟಲು ಸರಿಮಾಡಿಕೊಂಡ.

"ಬಿಷಪ್, ನಿನ್ನ ಯಜಮಾನನಿಗೆ ಇನ್ನೊಂದು ಮಾತು ಹೇಳು. ಈ ವಾರಕ್ಕೆ ಈ ವರ್ಷದ ಬೋನೆಲ್ಲ ಎತ್ತಿ ಆಗುತ್ತೆ. ಬರೋ ವಸಂತಕ್ಕೆ ಅವನು ಬೇರೆ ಯಾರನ್ನಾದ್ರೂ ನೋಡ್ಕೊಳ್ಲಿ. ನಾನು ಆಚೆ ದಡದಲ್ಲಿ ತಂಗಿ ಮನೆಗೆ ಹೋಗ್ತೀನಿ. ಅಲ್ಲಿ ಮನುಷ್ಯರ ಹತ್ರ ಮಾತಾಡ್ತಾರಂತೆ."

ಫೆಸ್ಟಿ ಬಾಯಿ ತೆರೆದ. ಆದರೆ ಏನು ಹೇಳುವುದಿದ್ದರೂ ನಾಯಿಗೇ ಹೇಳಬೇಕಿತ್ತು, ಅವನ ಎದೆಯಲ್ಲಿದ್ದದ್ದು ನಾಯಿಗೆ ಹೇಳುವಂಥ ಮಾತಾಗಿರಲಿಲ್ಲ. ಬಾಯಿ ಮುಚ್ಚಿಕೊಂಡು ಹುಟ್ಟು ಹಾಕಿದ.

ಈ ಜಗಳಕ್ಕೆ ಕಾರಣ ಹೆಣ್ಣಲ್ಲ, ಹೊಲದ ಬೇಲಿಯಲ್ಲ. ಯುರೋಪು.

ಹಿಂದಿನ ವರ್ಷದ ಜೂನ್ ತಿಂಗಳಲ್ಲಿ, ಯುರೋಪಿನ ಒಕ್ಕೂಟಕ್ಕೆ ಪೂರ್ವದ ಹತ್ತು ಹನ್ನೆರಡು ಹೊಸ ದೇಶಗಳನ್ನು ಸೇರಿಸಿಕೊಳ್ಳುವ ಒಪ್ಪಂದ ಬಂತಲ್ಲ, ಅದಕ್ಕೆ ಐರ್ಲೆಂಡಿನವರು ಹೌದೆನ್ನುತ್ತೀರೋ ಇಲ್ಲವೆನ್ನುತ್ತೀರೋ ಎಂದು ಸರ್ಕಾರ ಕೇಳಿತ್ತು. ನಮ್ಮಲ್ಲಿ 'ಇಲ್ಲ' ಪಕ್ಷದ ಮುಂದಾಳು ಫೆಸ್ಟಿಯೇ. ಸ್ಪೇನಿನ ದೊಡ್ಡ ಹಡಗುಗಳು ನಮ್ಮ ನೀರಿಗೆ ಬಂದು ಮೀನು ಬಾಚಿಕೊಂಡು ಹೋಗುವುದನ್ನು ಅವನಷ್ಟು ಚೆನ್ನಾಗಿ ಯಾರೂ ಕಂಡಿರಲಿಲ್ಲ, ಏಕೆಂದರೆ ಅವನಷ್ಟು ಚೆನ್ನಾಗಿ ಯಾರಿಗೂ ಕಾಣುತ್ತಲೇ ಇರಲಿಲ್ಲ. ಎರಡು ಮೈಲಿ ಆಚೆಯ ಹಡಗಿನ ಮೂತಿಯ ಮೇಲೆ ಬರೆದ ಹೆಸರನ್ನು ದೋಣಿ ಕಟ್ಟುವ ಧಕ್ಕೆಯ ಮೇಲೆ ನಿಂತು ಓದಿ ಹೇಳುತ್ತಿದ್ದ. ನಾವೆಲ್ಲ ಅವನನ್ನು ಹದ್ದು ಎಂದೇ ಕರೆಯುತ್ತಿದ್ದೆವು, ಅವನೂ ಹಾಗೆ ಕರೆಸಿಕೊಂಡಾಗ ಎದೆ ಸ್ವಲ್ಪ ಮುಂದೆ ಮಾಡುತ್ತಿದ್ದ. ಮನೆಮನೆಗೂ ಹೋಗಿ, ಕೊಟ್ಟ ಚಹಾ ಎಲ್ಲ ಕುಡಿದು, 'ಇಲ್ಲ' ಹಾಕಿ ಎಂದು ಹೇಳಿ ಬಂದಿದ್ದ.

ಓಟು ಗುಟ್ಟಿನದು ಎಂದು ಕಾನೂನು ಹೇಳುತ್ತದೆ, ಸರಿಯೇ. ಆದರೆ ನಮ್ಮ ದೇಶದಲ್ಲಿ ಪೆಟ್ಟಿಗೆ ತೆರೆದು ಚೀಟಿ ಬಿಡಿಸುವಾಗ ಕಟಕಟೆಯಾಚೆ ಪಕ್ಷದವರು ಪೆನ್ಸಿಲ್ ಹಿಡಿದು ಬಗ್ಗಿ ನಿಂತಿರುತ್ತಾರೆ. ಒಂದೊಂದು ಚೀಟಿಗೂ ಒಂದೊಂದು ಗೀಟು. ಯಾವ ಊರಿನ ಪೆಟ್ಟಿಗೆ ಏನು ಹೇಳಿತು ಎನ್ನುವುದು ಮಧ್ಯಾಹ್ನದ ಊಟದೊಳಗೆ ಆ ಊರಿಗೆ ತಲುಪಿರುತ್ತದೆ. ಸಾವಿರ ಓಟಿರುವ ಊರಿಗೆ ಇದರಿಂದ ಏನೂ ತೊಂದರೆಯಿಲ್ಲ. ನಮ್ಮ ದ್ವೀಪದಲ್ಲಿರುವುದು ಮೂವತ್ತೆಂಟು ಓಟು.

ಅವತ್ತು ಆಚೆ ದಡದಿಂದ ಫೋನು ಬಂತು: ಇಲ್ಲ ಮೂವತ್ತೇಳು, ಹೌದು ಒಂದು.

ಮೂವತ್ತೇಳು ಎಂದರೆ ಕುಣಿದಾಡಬೇಕಾದ ಸಂಖ್ಯೆ. ದೇಶವೂ 'ಇಲ್ಲ' ಎಂದೇ ಹೇಳಿತ್ತು. ಆದರೆ ಫೆಸ್ಟಿಯ ತಲೆಗೆ ಹತ್ತಿದ್ದು ಆ ಒಂದು. ಅದು ಯಾರದು? ಮುಂದಿನ ಅರ್ಧ ಅಂಗಡಿ, ಹಿಂದಿನ ಅರ್ಧ ಬಾರು ಆಗಿರುವ ಮಾರ್ಟಿಯ ಮನೆಯಲ್ಲಿ ಎಲ್ಲರೂ ಸೇರಿದ್ದಾಗ ಅವನು ಕೋಲ್ಮನ್ ಕಡೆ ತಿರುಗಿದ. ಧಕ್ಕೆ ಕಟ್ಟಿಸಿಕೊಟ್ಟಿದ್ದು ಯುರೋಪಲ್ಲವೇನ್ರೋ ಎಂದು ಕೋಲ್ಮನ್ ಒಂದೆರಡು ಸಲ ಹೇಳಿದ್ದ. ಅಷ್ಟೇ ಸಾಕಾಯಿತು.

"ನೀನೇ ತಾನೆ?"

"ನಾನು ಏನು ಹಾಕಿದೆ ಅನ್ನೋದು ನನಗೂ ಪೆಟ್ಟಿಗೆಗೂ ಬಿಟ್ಟಿದ್ದು," ಎಂದಿದ್ದ ಕೋಲ್ಮನ್.

"ಮುಚ್ಚಿಟ್ಕೊಳ್ಳೋನು ಕಳ್ಳ. ಒಂದಿಷ್ಟು ಸಿಮೆಂಟಿಗೋಸ್ಕರ ಅಪ್ಪನ ದೋಣೀನೂ ಸ್ಪೇನಿನೋರಿಗೆ ಮಾರ್ತೀಯ ನೀನು!"

ಕೋಲ್ಮನ್ ಲೋಟ ಕೆಳಗಿಟ್ಟು, ಟೋಪಿ ತಲೆಗಿಟ್ಟುಕೊಂಡು ಹೊರಟುಹೋದ. ಮರುದಿನ ಬೆಳಿಗ್ಗೆ ಐದೂವರೆಗೆ ಎಂದಿನಂತೆ ಧಕ್ಕೆಗೆ ಬಂದ, ದೋಣಿ ಹತ್ತಿದ, ನಾಯಿಯತ್ತ ನೋಡಿ "ಬಿಷಪ್, ಅವನಿಗೆ ಹೇಳು, ಹಗ್ಗ ಬಿಚ್ಚಲಿ" ಎಂದ.

ಈಗ ಸರ್ಕಾರ ಅದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳುತ್ತಿತ್ತು. ದೇಶಕ್ಕೆಲ್ಲ ಶನಿವಾರ ಓಟು. ಹವಾ ಕೆಟ್ಟರೆ ಪೆಟ್ಟಿಗೆ ಸಿಕ್ಕಿಹಾಕಿಕೊಳ್ಳುತ್ತದೆಂದು ದ್ವೀಪಗಳಿಗೆ ಶುಕ್ರವಾರವೇ.

ಫೆಸ್ಟಿ ಮನೆಗೆ ಬಂದಾಗ ಅವನ ಹೆಂಡತಿ ಡೀಲಿಯ ಆಲೂಗಡ್ಡೆ ಬೇಯಿಸಿ ಬಸಿಯುತ್ತಿದ್ದಳು. ಮೇಜಿನ ಮೇಲೆ ಅಂಚೆಯಲ್ಲಿ ಬಂದ ಪುಸ್ತಿಕೆಯಿತ್ತು. ಓಟಿನ ಚೀಟಿ ಹೇಗಿರುತ್ತದೆಂದು ಅದರಲ್ಲಿ ಅಚ್ಚು ಹಾಕಿದ್ದರು. ಫೆಸ್ಟಿ ಅದನ್ನೆತ್ತಿಕೊಂಡು ಕಿಟಕಿಯ ಹತ್ತಿರ ಹೋದ. ಕೈ ಚಾಚಿದ. ಇನ್ನೂ ಚಾಚಿದ. ತಲೆಯನ್ನು ಹಿಂದಕ್ಕೆ ಎಳೆದುಕೊಂಡ.

"ನಿನ್ ಕೈ ಇನ್ನೊಂದು ಮೊಳ ಉದ್ದ ಇರ್ಬೇಕಿತ್ತು," ಎಂದಳು ಡೀಲಿಯ.

"ಬೆಳಕು ಸಾಲದು."

"ಮಧ್ಯಾಹ್ನ ಹನ್ನೆರಡೂವರೆ ಕಣೋ. ಸೂರ್ಯನ್ನ ಇನ್ನೂ ಹತ್ರ ಕರೀಲಾ?"

"ಇವರ ಅಚ್ಚು ಸಣ್ಣದು. ಬೇಕಂತಲೇ ಹಾಗೆ ಮಾಡ್ತಾರೆ, ಜನ ಓದಬಾರ್ದು ಅಂತ."

ಡೀಲಿಯ ನಕ್ಕಳು. ನಕ್ಕವಳು ಹಾಗೆಯೇ ನಿಂತಳು. ಬಸಿಯುವ ಪಾತ್ರೆ ಕೈಯಲ್ಲೇ ಇತ್ತು.

"ಫೆಸ್ಟಿ, ಹೋದ ವರ್ಷ ಮೂರು ಚೀಟಿ ಕೊಟ್ಟಿದ್ರಲ್ಲ. ಯುರೋಪಿಂದು ಯಾವುದು ಅಂತ ಹೇಗೆ ಗೊತ್ತಾಯ್ತು ನಿನಗೆ?"

ಹೋದ ವರ್ಷ ಒಂದೇ ದಿನ ಮೂರು ಪ್ರಶ್ನೆ ಕೇಳಿದ್ದರು. ಸಂವಿಧಾನದಿಂದ ಮರಣದಂಡನೆಯ ಮಾತನ್ನೇ ಅಳಿಸಿಬಿಡಬೇಕೇ ಎನ್ನುವುದೊಂದು, ಯುದ್ಧಾಪರಾಧಗಳ ಅಂತರರಾಷ್ಟ್ರೀಯ ನ್ಯಾಯಾಲಯದ್ದೊಂದು, ಯುರೋಪಿನದೊಂದು. ಮೊದಲಿನೆರಡೂ ಒಳ್ಳೆಯ ಕೆಲಸ, ಹೌದು ಹಾಕಿ ಎಂದು ಪಾದ್ರಿಗಳು ಹೇಳಿದ್ದರು, ಅದರಲ್ಲಿ ಯಾರದೂ ತಕರಾರಿರಲಿಲ್ಲ.

"ಅದೇನು ಕೇಳ್ತೀಯ? ಮೇಲಿದ್ದಿದ್ದೇ ಯುರೋಪು," ಎಂದ ಫೆಸ್ಟಿ. "ತಿಂಗಳುಗಟ್ಟಲೆ ರೇಡಿಯೋದಲ್ಲಿ ಬಡ್ಕೊಂಡಿದ್ದು ಅದನ್ನ. ಮೊದಲು ಅದನ್ನಲ್ದೆ ಇನ್ನೇನು ಕೊಡ್ತಾರೆ? ಮೇಲಿಂದಕ್ಕೆ ಇಲ್ಲ ಹಾಕ್ದೆ. ಕೆಳಗಿನೆರಡಕ್ಕೆ ಹೌದು."

"ಓದ್ಲಿಲ್ವಾ?"

"ಓದೋದೇನಿದೆ ಅದರಲ್ಲಿ!"

ಡೀಲಿಯ ಪಾತ್ರೆಯನ್ನು ಮೆಲ್ಲನೆ ಕೆಳಗಿಟ್ಟಳು. ಕುರ್ಚಿ ಎಳೆದುಕೊಂಡು ಕೂತಳು.

"ಅಯ್ಯೋ ನನ್ನ ಹದ್ದೇ," ಎಂದಳು. "ಮೇಲಿದ್ದಿದ್ದು ನೇಣಿಂದು. ಆಮೇಲೆ ಕೋರ್ಟಿಂದು. ಎಲ್ಲಕ್ಕಿಂತ ಕೆಳಗಿದ್ದಿದ್ದು ಯುರೋಪು. ಓಟಿನ ಮೇಜಲ್ಲಿದ್ದ ಹೆನೆಗನ್ ಟೀಚರ್ ಎಲ್ಲರಿಗೂ ಅದೇ ಸಾಲಲ್ಲಿ ಕೊಟ್ರು. ನನಗೂ ಹಾಗೇ ಕೊಟ್ರು."

ಒಲೆಯಲ್ಲಿ ಏನೋ ಚಟಪಟ ಎಂದಿತು. ಫೆಸ್ಟಿ ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ಆ ಪೆಟ್ಟಿಗೆಯಲ್ಲಿ ಇನ್ನೂ ಒಂದು ವಿಚಿತ್ರ ಸಿಕ್ಕಿತ್ತು, ಅದು ಅವನಿಗೀಗ ನೆನಪಾಯಿತು. ನೇಣನ್ನು ಅಳಿಸುವುದಕ್ಕೆ ಮೂವತ್ತೇಳು ಜನ ಹೌದೆಂದಿದ್ದರು, ಒಬ್ಬರು ಮಾತ್ರ ನೇಣು ಇರಲಿ ಎಂದಿದ್ದರು. ಆ ಒಬ್ಬರು ಯಾರು ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಪೂಜೆಗೆ ತಡವಾಗಿ ಬಂದವರನ್ನು ಛತ್ರಿಯಿಂದ ತಿವಿಯುವ ಎಂಬತ್ತೊಂದರ ಸಬೀನಜ್ಜಿ ಬಿಟ್ಟರೆ ಇನ್ಯಾರು? "ಈ ವಾರ ಯಾರನ್ನ ನೇಣಿಗೆ ಹಾಕಿಸ್ತೀಯಜ್ಜಿ?" ಎಂದು ಹದಿನಾರು ತಿಂಗಳಿಂದ ಅವಳನ್ನು ಊರೆಲ್ಲ ಕಾಡಿಸಿತ್ತು. ಕಾಡಿಸಿದವರಲ್ಲಿ ಫೆಸ್ಟಿಯೇ ಮೊದಲಿಗ.

"ಅವೆರಡೂ ಒಬ್ಬನದೇ," ಎಂದ.

"ಒಬ್ಬನದೇ."

"ಅವನಿಗೆ ಕಳ್ಳ ಅಂದುಬಿಟ್ಟೆ ಕಣೆ, ಡೀಲಿಯ. ಎಲ್ಲರೆದುರು."

"ಎಲ್ಲರೆದುರು ಅಂದಿದ್ದನ್ನ ಎಲ್ಲರೆದುರೇ ವಾಪಸ್ ತಗೋ. ಆಲೂಗಡ್ಡೆ ತಿಂದು ಹೋಗು."

ಅವನು ಆಲೂಗಡ್ಡೆ ತಿನ್ನಲಿಲ್ಲ. ಅದೊಂದೇ ಸಾಕು, ಅವನ ಸ್ಥಿತಿ ಹೇಗಿತ್ತೆಂದು ಹೇಳಲು.

ಮಾರ್ಟಿಯ ಅಂಗಡಿಯಲ್ಲಿ ಆಗಲೇ ಯುರೋಪು ಬಿಸಿಯಾಗಿತ್ತು. ಸಬೀನಜ್ಜಿ ಚಹಾಪುಡಿಗೆ ಬಂದವಳು ಬೆಂಚಿನ ಮೇಲೆ ಕೂತುಬಿಟ್ಟಿದ್ದಳು. ಕೋಲ್ಮನ್ ಊರು ಬಿಡುವ ಸುದ್ದಿ ಹೇಳಿ ಮುಗಿಸಿ ಒಂದು ಮೂಲೆಯಲ್ಲಿ, ಹಸಿರು ಬಲೆನೂಲಿನಿಂದ ಕತ್ತಿಗೆ ತಗುಲಿಸಿದ್ದ ಓದುವ ಕನ್ನಡಕ ಮೂಗಿಗೇರಿಸಿ, ಪತ್ರಿಕೆ ನೋಡುತ್ತಿದ್ದ.

"ಮೂವತ್ತು ವರ್ಷ ಕೈ ಚಾಚಿದ್ವಿ," ಎನ್ನುತ್ತಿದ್ದ ಮಾರ್ಟಿ ಸಕ್ಕರೆ ತೂಗುತ್ತಾ. "ಧಕ್ಕೆ ಬಂತು, ಡಾಂಬರು ಬಂತು, ಕುರಿಗೆ ದುಡ್ಡು ಬಂತು. ಈಗ ನೀವೂ ಒಂದಿಷ್ಟು ಕೊಡಿ, ಹೊಸಬರನ್ನ ಒಳಗೆ ಬಿಡಿ ಅಂದ ತಕ್ಷಣ ನಮಗೆಲ್ಲ ಸಿದ್ಧಾಂತ ನೆನಪಾಗಿಬಿಡ್ತು."

"ಹಾಗಂತ ಎರಡೆರಡು ಸಲ ಕೇಳ್ತಾರಾ?" ಎಂದಳು ಸಬೀನಜ್ಜಿ. "ನಮ್ಮಪ್ಪ ನನ್ನ ಮದುವೆಗೆ ಒಂದು ಸಲ ಇಲ್ಲ ಅಂದ. ಮುಗೀತು. ಆ ಹುಡುಗ ಮತ್ತೆ ಬರ್ಲಿಲ್ಲ."

"ಬಂದಿದ್ರೆ ಚೆನ್ನಾಗಿತ್ತೇನೋ ಅಜ್ಜಿ."

"ಬಂದಿದ್ರೆ ಚೆನ್ನಾಗಿತ್ತು," ಎಂದು ಅವಳು ಒಪ್ಪಿಕೊಂಡಳು. ಎಲ್ಲರೂ ನಕ್ಕರು.

ಕೋಲ್ಮನ್ ಪತ್ರಿಕೆಯಿಂದ ತಲೆಯೆತ್ತಿದ. "ನಾವು ಸೇರ್ದಾಗ ಈ ದ್ವೀಪದಲ್ಲಿ ಕರೆಂಟಿರ್ಲಿಲ್ಲ. ಕತ್ತೆ ಮೇಲೆ ನೀರು ತರ್ತಿದ್ವಿ. ನಮ್ಮನ್ನ ನೋಡಿ ಅವರೇನೂ ಬಾಗಿಲು ಹಾಕ್ಕೊಳ್ಲಿಲ್ಲ. ಈಗ ಪೋಲೆಂಡಿಂದಲೋ ಲಿಥುವೇನಿಯದಿಂದಲೋ ಇನ್ನೊಬ್ಬ ಕತ್ತೆ ಹೊಡ್ಕೊಂಡು ಬಂದು ಬಾಗಿಲಲ್ಲಿ ನಿಂತಿದ್ರೆ, ನಾವೇ ಅಗಳಿ ಹಾಕೋದು ಸರೀನಾ? ಹೋದ ಸಲ ಏನು ಹಾಕ್ದೆ ಅಂತ ಹೇಳಲ್ಲ. ಈ ಸಲ ಹೌದು ಹಾಕ್ತೀನಿ. ಇದನ್ನ ಯಾರು ಬೇಕಾದ್ರೂ ಕೇಳಿಸ್ಕೊಳ್ಲಿ."

ಅಷ್ಟರಲ್ಲಿ ಬಾಗಿಲಲ್ಲಿ ಫೆಸ್ಟಿ ನಿಂತಿದ್ದ, ಕಾಲ ಬಳಿ ಬಿಷಪ್. ಬೇರೆ ದಿನವಾಗಿದ್ದರೆ ಅವನ ಉತ್ತರ ನಮಗೆಲ್ಲ ಬಾಯಿಪಾಠ: ನಾವೂ ಕೊಟ್ಟಿದೀವಿ, ಸಮುದ್ರದ ಮೀನನ್ನೇ ಕೊಟ್ಟಿದೀವಿ, ಅದನ್ನ ಯಾವ ಪುಸ್ತಕದಲ್ಲೂ ಯಾರೂ ಬರ್ಕೊಂಡಿಲ್ಲ. ಇವತ್ತು ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಹೋದ ವರ್ಷದ ಆ ಒಂದು ಹೌದು," ಎಂದ. "ಅದು ನಂದು."

ಮಾರ್ಟಿ ಸಕ್ಕರೆಯ ಚಮಚ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಓಹೋಹೋ! ಕೋಲ್ಮನ್ ಹೋಗ್ತಾನೆ ಅಂತ ಗೊತ್ತಾದ ತಕ್ಷಣ ಎಂಥಾ ಕಥೆ ಕಟ್ಟಿದ ನೋಡ್ರೋ!"

"ಕಥೆ ಅಲ್ಲ ಕಣೋ. ತಪ್ಪಿ ಹಾಕಿಬಿಟ್ಟೆ. ಚೀಟಿ ಅದಲುಬದಲಾಯ್ತು."

"ಯಾರಿಗೆ? ನಿನಗಾ? ಎರಡು ಮೈಲಿ ಆಚೆ ಸ್ಪೇನಿನ ಹಡಗಿನ ಹೆಸರು ಓದೋನಿಗೆ, ಮೂಗಿನ ಕೆಳಗಿರೋ ಚೀಟಿ ಅದಲುಬದಲಾಯ್ತಾ?"

ಫೆಸ್ಟಿಯ ಮುಖ ಕೆಂಪಾಯಿತು. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಹೌದು ಕಣೋ, ಮೂಗಿನ ಕೆಳಗಿರೋದೇ ನನಗೆ ಕಾಣಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಐವತ್ತೊಂಬತ್ತು ವರ್ಷ ಹದ್ದಾಗಿ ಬದುಕಿದವನಿಗೆ ಅಷ್ಟು ಸುಲಭವಾಗಿ ಬಾಯಿ ಬರುವುದಿಲ್ಲ. ಟೋಪಿಯನ್ನು ಒಂದು ಸುತ್ತು ತಿರುಗಿಸಿದ, ಇನ್ನೊಂದು ಸುತ್ತು ತಿರುಗಿಸಿದ.

"ಪಾಪ, ಬಿಡ್ರೋ," ಎಂದಳು ಸಬೀನಜ್ಜಿ. "ಸ್ನೇಹ ಉಳಿಸ್ಕೊಳ್ಳೋಕೆ ಸುಳ್ಳು ಹೇಳ್ತಿದಾನೆ. ಒಳ್ಳೇ ಮನಸ್ಸು. ಪಾಪನಿವೇದನೆ ಮಾಡಿದ್ರೆ ಸರಿಹೋಗುತ್ತೆ."

ಕೋಲ್ಮನ್ ಕನ್ನಡಕ ತೆಗೆದು ಎದೆಯ ಮೇಲೆ ಇಳಿಬಿಟ್ಟ. ಎದ್ದುಬಂದು ಬಾಗಿಲ ಬಳಿ ಬಗ್ಗಿ ನಾಯಿಯ ತಲೆ ಸವರಿದ.

"ಬಿಷಪ್, ಅವನಿಗೆ ಹೇಳು. ಕಳ್ಳ ಅಂದಿದ್ದನ್ನ ಹದಿನಾರು ತಿಂಗಳು ತಡ್ಕೊಂಡೆ. ಕರುಣೆ ತೋರಿಸೋದನ್ನ ಒಂದು ದಿನಾನೂ ತಡ್ಕೊಳ್ಳಲ್ಲ."

ಹೋಗಿಬಿಟ್ಟ. ಫೆಸ್ಟಿ ಬಾಗಿಲಲ್ಲೇ ಉಳಿದ. ನಿಜ ಹೇಳಿದ್ದಕ್ಕೆ ಇಂಥ ಶಿಕ್ಷೆ ಇರುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಶುಕ್ರವಾರ ಹನ್ನೊಂದು ಗಂಟೆಯ ಹೊತ್ತಿಗೆ ಪೆಟ್ಟಿಗೆ ದೋಣಿಯಲ್ಲಿ ಬಂದಿಳಿಯಿತು. ಅದರ ಜೊತೆಗೆ ಹೆನೆಗನ್ ಟೀಚರ್, ಮತ್ತು ಸಮುದ್ರ ಒಗ್ಗದೆ ಮುಖ ಹಸಿರುಗಟ್ಟಿದ್ದ ಒಬ್ಬ ಪೊಲೀಸಿನವನು. ಶಾಲೆಯ ಒಂದೇ ಕೋಣೆಯಲ್ಲಿ, ಭೂಪಟದ ಕೆಳಗೆ ಮೇಜು ಹಾಕಿದರು. ಮೂಲೆಯಲ್ಲಿ ಪರದೆ ಕಟ್ಟಿದರು. ದಿನವಿಡೀ ಸಮಯವಿದ್ದರೂ ನಮ್ಮವರೆಲ್ಲ ಮೊದಲ ಅರ್ಧ ಗಂಟೆಗೇ ಬರುತ್ತಾರೆ. ಓಟಿಗಿಂತ ಹೆಚ್ಚಾಗಿ ಯಾರು ಪರದೆಯ ಹಿಂದೆ ಎಷ್ಟು ಹೊತ್ತು ನಿಂತರು ಎಂದು ನೋಡುವ ಚಪಲ.

ಫೆಸ್ಟಿಯ ಮುಂದೆ ಡೀಲಿಯ, ಹಿಂದೆ ಸಬೀನಜ್ಜಿ, ಅವಳ ಹಿಂದೆ ಕೋಲ್ಮನ್. ಬಿಷಪ್‌ಗೆ ಒಳಗೆ ಬರಲು ಅನುಮತಿ ಇರಲಿಲ್ಲ, ಆದರೂ ಬಂದಿತ್ತು. ಡೀಲಿಯ ತನ್ನ ಓಟು ಹಾಕಿ ಬಂದು ಬಾಗಿಲ ಬಳಿ ನಿಂತಳು. ಗಂಡನತ್ತ ನೋಡಲಿಲ್ಲ. ನೋಡದೆ ಇರುವುದಕ್ಕೆ ಅವಳು ಪಡುತ್ತಿದ್ದ ಕಷ್ಟ ನಮಗೆಲ್ಲ ಕಾಣುತ್ತಿತ್ತು.

ಹೆನೆಗನ್ ಟೀಚರ್ ಚೀಟಿಗೆ ಮುದ್ರೆ ಒತ್ತಿ ಕೊಟ್ಟರು. ಈ ಸಲ ಒಂದೇ ಚೀಟಿ. ಫೆಸ್ಟಿ ತೆಗೆದುಕೊಂಡ. ಪರದೆಯತ್ತ ಎರಡು ಹೆಜ್ಜೆ ಇಟ್ಟ, ನಿಂತ. ಚೀಟಿಯಲ್ಲಿ ಎರಡು ಚೌಕಗಳಿದ್ದವು ಎಂದು ಅವನಿಗೆ ಗೊತ್ತಿತ್ತು. ಮೇಲಿನದು ಯಾವುದು ಕೆಳಗಿನದು ಯಾವುದು ಎಂದು ಡೀಲಿಯ ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು. ಹಾಗಾಗಿ ಸುಮ್ಮನೆ ಒಳಗೆ ಹೋಗಿ, ಗುರುತು ಹಾಕಿ, ಹದ್ದಾಗಿಯೇ ಹೊರಗೆ ಬರಬಹುದಿತ್ತು.

ಅವನು ತಿರುಗಿ ಮೇಜಿನ ಹತ್ತಿರ ಬಂದ.

"ಟೀಚರ್, ಇದರಲ್ಲೇನು ಬರೆದಿದೆ?"

"ಯಾಕೆ ಫೆಸ್ಟಿ, ಅಚ್ಚು ಸರಿಯಾಗಿ ಬಿದ್ದಿಲ್ವಾ?"

"ಅಚ್ಚು ಬಿದ್ದಿರಬಹುದು. ನನಗೆ ಕಾಣಲ್ಲ."

ಮೂವತ್ತು ಜನ ಒಮ್ಮೆಗೇ ಅವನತ್ತ ತಿರುಗಿದರು. ಪೊಲೀಸಿನವನು ಕೂಡ ಚಹಾದ ಲೋಟವನ್ನು ಬಾಯಿಂದ ಇಳಿಸಿದ.

"ದೂರದ್ದು ಕಾಣುತ್ತೆ," ಎಂದ ಫೆಸ್ಟಿ, ಜೋರಾಗಿ, ಗೋಡೆಯತ್ತ ನೋಡುತ್ತಾ. "ಹಡಗು ಕಾಣುತ್ತೆ. ಹಡಗಿನ ಮೇಲಿನ ಕಾಗೆ ಕಾಣುತ್ತೆ. ಹತ್ತಿರದ್ದು ಕಾಣಲ್ಲ. ಆರೇಳು ವರ್ಷ ಆಯ್ತು. ಪತ್ರಿಕೆ ಓದ್ತಿದ್ದೆನಲ್ಲ, ಅದು ಓದ್ತಿರ್ಲಿಲ್ಲ, ಸುಮ್ನೆ ಹಿಡ್ಕೊಂಡಿರ್ತಿದ್ದೆ. ಹೋದ ವರ್ಷದ ಚೀಟೀನೂ ಓದ್ಲಿಲ್ಲ. ಮೇಲಿಂದು ಯುರೋಪು ಅಂದ್ಕೊಂಡು ಇಲ್ಲ ಹಾಕ್ದೆ, ಕೆಳಗಿಂದಕ್ಕೆ ಹೌದು ಹಾಕ್ದೆ. ಈಗ ನಗೋರು ನಗ್ರಿ."

ಯಾರೂ ನಗಲಿಲ್ಲ. ಎಲ್ಲರ ತಲೆಯಲ್ಲೂ ಲೆಕ್ಕ ಓಡುತ್ತಿತ್ತು. ಮೊದಲು ಮುಗಿಸಿದ್ದು ಸಬೀನಜ್ಜಿ.

"ಹಾಗಾದ್ರೆ ನೇಣು ಇರ್ಲಿ ಅಂದೋನೂ ನೀನೇ!"

"ನಾನೇ ಅಜ್ಜಿ."

"ಒಂದೂವರೆ ವರ್ಷ! ಒಂದೂವರೆ ವರ್ಷ ನನ್ನನ್ನ ಕೊಲೆಗಡುಕಿ ಮಾಡಿದ್ರಲ್ಲೋ! ಪಾದ್ರಿ ಕೂಡ ನನ್ನ ನೋಡಿದಾಗೆಲ್ಲ ಕತ್ತು ಮುಟ್ಕೋತಿದ್ರು!" ಎಂದು ಛತ್ರಿಯೆತ್ತಿ ಅವನ ಬೆನ್ನಿಗೆ ಒಂದು ಬಿಟ್ಟಳು. ಎರಡನೆಯದನ್ನು ಬಿಡುವ ಮೊದಲು ಅವಳಿಗೇ ನಗು ಬಂತು. ಆಗ ಶಾಲೆಯ ಮಾಡು ಹಾರುವಂತೆ ಎಲ್ಲರೂ ನಕ್ಕರು. ಮಾರ್ಟಿ ಬೆಂಚು ಬಡಿದ. ಮತಗಟ್ಟೆಯಲ್ಲಿ ಗದ್ದಲ ಮಾಡಬಾರದೆಂದು ಪೊಲೀಸಿನವನು ನೆನಪಿಸಿದ. ಅವನ ಮಾತು ಅವನಿಗೇ ಕೇಳಿಸಲಿಲ್ಲ.

ಕೋಲ್ಮನ್ ಮಾತ್ರ ನಗಲಿಲ್ಲ. ನೆಲ ನೋಡುತ್ತಾ ನಿಂತಿದ್ದ.

"ಕಾಣದವರಿಗೆ ನಾನೇ ಓದಿ ಹೇಳಿ ಗುರುತು ಹಾಕಿಸಬಹುದು, ಅದಕ್ಕೆ ನಿಯಮ ಇದೆ," ಎಂದರು ಟೀಚರ್ ಮೃದುವಾಗಿ. "ಎಲ್ಲರನ್ನೂ ಹೊರಗೆ ಕಳಿಸಲಾ ಫೆಸ್ಟಿ?"

"ಬೇಡ ಟೀಚರ್." ಫೆಸ್ಟಿ ಸಾಲಿನತ್ತ ತಿರುಗಿದ. ಸಬೀನಜ್ಜಿಯನ್ನು ದಾಟಿ ಎರಡು ಹೆಜ್ಜೆ ನಡೆದ. ಬಿಷಪ್ ಎದ್ದು ನಿಂತಿತು. ಈಗ ತನಗೇ ಹೇಳುತ್ತಾರೆಂದು ಕಿವಿ ನಿಮಿರಿಸಿತು. ಫೆಸ್ಟಿ ನಾಯಿಯತ್ತ ನೋಡಲಿಲ್ಲ.

"ಕೋಲ್ಮನ್," ಎಂದ. "ನಿನ್ನ ಕನ್ನಡಕ ಸ್ವಲ್ಪ ಕೊಡ್ತೀಯಾ?"

ಕೋಲ್ಮನ್ ಹಸಿರು ನೂಲನ್ನು ತಲೆಯ ಮೇಲಿಂದ ತೆಗೆದ, ಗಾಜನ್ನು ಸ್ವೆಟರಿನ ಅಂಚಿನಲ್ಲಿ ಒರೆಸಿದ, ಎದುರಿನ ಕೈಗೆ ಕೊಟ್ಟ. ಫೆಸ್ಟಿ ಅದನ್ನು ಮೂಗಿಗೇರಿಸಿಕೊಂಡು ಮೊದಲು ಚೀಟಿ ನೋಡಲಿಲ್ಲ. ಎದುರಿಗೆ ಒಂದು ಮೊಳದಲ್ಲಿದ್ದ ಮುಖವನ್ನು ನೋಡಿದ. ಬಗ್ಗಿ ಇನ್ನೂ ಹತ್ತಿರದಿಂದ ನೋಡಿದ.

"ಅಯ್ಯೋ ದೇವರೇ, ಕೋಲ್ಮನ್! ಎಷ್ಟು ಮುದುಕ ಆಗಿಬಿಟ್ಟಿದೀಯೋ!"

"ಹದಿನಾರು ತಿಂಗಳು ನಾಯಿ ಜೊತೆ ಮಾತಾಡಿ ನೋಡು, ನೀನೂ ಆಗ್ತೀಯ," ಎಂದ ಕೋಲ್ಮನ್.

"ನಾನೂ ನಾಯಿ ಜೊತೇನೇ ಮಾತಾಡಿದ್ದು ಕಣೋ."

"ಹಾಗಾದ್ರೆ ಹೋಗಿ ಕನ್ನಡಿ ನೋಡ್ಕೋ. ಹೇಗೂ ಕನ್ನಡಕ ಇದೆ."

ಫೆಸ್ಟಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಒಂದೊಂದಿಷ್ಟು ಮಾಡಿದ. "ಕಳ್ಳ ಅಂದೆ," ಎಂದ. "ಅಪ್ಪನ ದೋಣಿ ಮಾತೆತ್ತಿದೆ. ನನ್ನ ಬಾಯಿಗೆ ಹುಳ ಬೀಳ. ತಪ್ಪಾಯ್ತು."

"ಮೊದಲು ಓಟು ಹಾಕು. ನಾನು ಬರಿಗಣ್ಣಲ್ಲಿ ಎಷ್ಟು ಹೊತ್ತು ನಿಲ್ಲಲಿ? ಕನ್ನಡಕ ಇಲ್ದೆ ಹಾಕಿದ್ರೆ ನಾನೂ ನಿನ್ನ ಹಾಗೇ ಆಗ್ತೀನಿ."

ಫೆಸ್ಟಿ ಪರದೆಯ ಹಿಂದೆ ಹೋದ. ನಮ್ಮ ದ್ವೀಪದ ಇತಿಹಾಸದಲ್ಲೇ ಅಷ್ಟು ಹೊತ್ತು ಯಾರೂ ಅಲ್ಲಿ ನಿಂತಿರಲಿಲ್ಲ. ಚೀಟಿಯ ಐರಿಷ್, ಇಂಗ್ಲಿಷ್ ಎರಡೂ ಭಾಷೆಯನ್ನು, ಕೆಳಗಿನ ಸೂಚನೆಯನ್ನು, ಅಕ್ಷರ ಬಿಡದೆ ಓದುತ್ತಿದ್ದ. ಅವನ ಪಿಸುಮಾತು ಹೊರಗೆ ಕೇಳುತ್ತಿತ್ತು. "ಎಷ್ಟು ಚೆನ್ನಾಗಿ ಅಚ್ಚು ಹಾಕಿದಾರೆ ಕಣೋ," ಎಂದು ಒಳಗಿನಿಂದ ಒಮ್ಮೆ ಹೇಳಿದ. ಮತದಾರರು ಒಳಗಿಂದ ಮಾತಾಡಬಾರದು ಎಂದರು ಟೀಚರ್.

ಶನಿವಾರ ಗಾಳಿ ಎದ್ದಿತು, ದೋಣಿ ಇಳಿಯಲಿಲ್ಲ. ಭಾನುವಾರ ಪೂಜೆ ಮುಗಿದು ಸ್ವಲ್ಪ ಹೊತ್ತಿಗೆ ಫೋನು ಬಂತು. ದೇಶ ಈ ಸಲ ದೊಡ್ಡದಾಗಿ ಹೌದೆಂದಿತ್ತು. ನಮ್ಮ ಪೆಟ್ಟಿಗೆಯಲ್ಲಿ ಹೌದು ಹತ್ತೊಂಬತ್ತು, ಇಲ್ಲ ಹತ್ತೊಂಬತ್ತು. ಯಾರು ಯಾವ ಕಡೆ ಎಂದು ಹುಡುಕುವ ಉತ್ಸಾಹ ಯಾರಿಗೂ ಬರಲಿಲ್ಲ. ಸಬೀನಜ್ಜಿಯನ್ನು ಕೇಳಿದಾಗ, ಎರಡನೆಯ ಸಲ ಬಂದು ಬಾಗಿಲು ತಟ್ಟಿದವರನ್ನು ವಾಪಸ್ ಕಳಿಸಲು ತನಗೆ ಮನಸ್ಸಾಗಲಿಲ್ಲ ಎಂದಷ್ಟೇ ಹೇಳಿದಳು. ಫೆಸ್ಟಿಯನ್ನು ಕೇಳಿದಾಗ ಅವನು, "ನನಗೂ ಪೆಟ್ಟಿಗೆಗೂ ಬಿಟ್ಟಿದ್ದು," ಎಂದು ಕೋಲ್ಮನ್ ಕಡೆ ನೋಡಿದ. ಕೋಲ್ಮನ್ ಅವನ ಲೋಟ ತುಂಬಿಸುವಂತೆ ಮಾರ್ಟಿಗೆ ಸನ್ನೆ ಮಾಡಿದ.

ಸೋಮವಾರ ಬೆಳಿಗ್ಗೆ ಸಮುದ್ರ ಸಮಾಧಾನವಾಗಿತ್ತು. ಉಳಿದಿದ್ದ ಬೋನುಗಳನ್ನು ಎತ್ತಲು ಇಬ್ಬರೂ ಹೊರಟರು. ಕೋಲ್ಮನ್ ತನ್ನ ಹಳೆಯ ಕನ್ನಡಕವೊಂದಕ್ಕೆ ಹೊಸ ನೂಲು ಕಟ್ಟಿ ತಂದಿದ್ದ. ಕೆಂಪು ನೂಲು, ಅದಲುಬದಲಾಗದಿರಲೆಂದು. ಫೆಸ್ಟಿ ಅದನ್ನು ಕತ್ತಿಗೆ ಹಾಕಿಕೊಂಡ.

ಬಂಡೆಯ ಹತ್ತಿರ ಬಂದಾಗ ಪಶ್ಚಿಮದ ಅಂಚಿನಲ್ಲಿ ಒಂದು ಹಡಗು ಕಾಣಿಸಿತು.

"ಅದೋ ಬಂದ ನೋಡು, ಸ್ಪೇನಿನ ವೀಗೋ ಊರಿನ ಭೂಪ," ಎಂದ ಫೆಸ್ಟಿ. "ಹೆಸರಿಗೆ ಹೊಸ ಬಣ್ಣ ಬಳಿದಿದಾನೆ. ಕಳ್ಳ ನನ್ಮಗ."

"ನನಗೆ ಹಡಗೇ ಕಾಣಲ್ಲ."

"ನಿನಗ್ಯಾಕೆ ಕಾಣ್ಬೇಕು, ನಾನಿಲ್ವಾ? ಎಡಗಡೆ ಜೋರಾಗಿ ಹಾಕು."

"ಹಾಕ್ತಿದೀನಿ. ಬರೋ ವಸಂತಕ್ಕೆ ಈ ಹುಟ್ಟು ಬದಲಾಯಿಸ್ಬೇಕು, ಸವೆದುಹೋಗಿದೆ."

"ಬದಲಾಯಿಸೋಣ," ಎಂದ ಫೆಸ್ಟಿ.

ಹಿಂತುದಿಯಲ್ಲಿ ಬಿಷಪ್ ನೆಟ್ಟಗೆ ಕೂತಿತ್ತು. ಒಬ್ಬ ಮಾತಾಡಿದಾಗ ಅವನ ಮುಖ ನೋಡಿತು, ಇನ್ನೊಬ್ಬ ಮಾತಾಡಿದಾಗ ಅವನ ಮುಖ ನೋಡಿತು. ಯಾರೂ ತನ್ನ ಹೆಸರು ಹೇಳಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಿವಿ ನಿಮಿರಿಸಿಕೊಂಡು ಕಾಯಿತು. ಕೊನೆಗೆ ಒಂದು ಸುತ್ತು ತಿರುಗಿ, ಹಗ್ಗದ ಸುರುಳಿಯ ಮೇಲೆ ಮೂತಿಯಿಟ್ಟು, ಕಣ್ಣು ಮುಚ್ಚಿಕೊಂಡಿತು.